ಅಪ್ಪ ವೆಂಟಿಲೇಟರ್ ಬೇಡ ಅಂತಿದಾರೆ, ಬರೆಸಿಡ್ಬೇಕಾ?

ತುಂಗಾತೀರ:
ಅಪ್ಪಂಗೆ 71, ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜು, ಲಿವರಿಗೂ ಹರಡಿದೆ. ಕೀಮೋ ಸಾಕು ಅಂತ ಅವ್ರೇ ನಿಲ್ಸಿದ್ರು. ತಲೆ ಚುರುಕಾಗೇ ಇದೆ, ಪೇಪರ್ ಓದ್ತಾರೆ, ಎಲ್ಲಾ ಪಾರ್ಟಿಯೋರ್ನೂ ಬೈತಾರೆ. ಈಗ ಒಂದೇ ಹಟ, ಉಸಿರು ಕಟ್ಟಿದ್ರೂ ಐಸಿಯುಗೆ ಹಾಕ್ಬೇಡ್ರೋ, ಗಂಟಲಿಗೆ ಪೈಪ್ ತುರುಕಿಸ್ಬೇಡ್ರೋ ಅಂತ. ಅಮ್ಮ ಒಪ್ಪಿದಾರೆ. ದುಬೈನಲ್ಲಿರೋ ಅಣ್ಣ ಮಾತ್ರ ಫೋನಲ್ಲಿ "ದುಡ್ಡು ಉಳ್ಸೋಕೆ ನೋಡ್ತಿದೀಯಾ" ಅಂದ್ಬಿಟ್ಟ. ಲಿವಿಂಗ್ ವಿಲ್ ಅಂತಾರಲ್ಲ, ಕೊನೇಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದ್ಲೇ ಬರೆಸಿಡೋ ಪತ್ರ, ಅದು ಮಾಡ್ಸಿದ್ರೆ ನಮ್ ಶಿವಮೊಗ್ಗ ಕಡೆ ಆಸ್ಪತ್ರೆಗಳಲ್ಲಿ ನಡೆಯುತ್ತಾ? ದಯಾಮರಣ ಅಂತ ಕೇಸ್ ಗೀಸ್ ಆಗಲ್ವಾ?

ನೈಟ್‌ಡ್ಯೂಟಿ:
ಐಸಿಯುನಲ್ಲಿ ನರ್ಸ್ ಆಗಿದ್ದೆ, ಅದಕ್ಕೇ ಹೇಳ್ತೀನಿ. ಅಪ್ಪಂಗೆ ಪ್ರಜ್ಞೆ ಇರೋವರ್ಗೂ ಯಾವ ಕಾಗದವೂ ಬೇಡ, ಬೇಡ ಅನ್ನೋ ಹಕ್ಕು ಅವರದ್ದೇ, ಅಣ್ಣಂದೂ ಅಲ್ಲ ನಿಮ್ದೂ ಅಲ್ಲ. ಲಿವಿಂಗ್ ವಿಲ್ ಕೆಲಸಕ್ಕೆ ಬರೋದು ಅವ್ರು ಮಾತಾಡೋ ಸ್ಥಿತಿಲಿ ಇಲ್ದಾಗ. ಮತ್ತೆ ಇದು ಇಂಜೆಕ್ಷನ್ ಕೊಟ್ಟು ಸಾಯ್ಸೋದಲ್ಲ, ಅದು ನಮ್ ದೇಶದಲ್ಲಿ ಈಗ್ಲೂ ಅಪರಾಧ. ವಾಸಿಯಾಗದ ಕಾಯಿಲೆಗೆ ಉಸಿರು ಎಳೆಯೋ ಮಷಿನ್ನು ಬೇಡ ಅನ್ನೋದು ಬೇರೆ, 2018ರಲ್ಲೇ ಸುಪ್ರೀಂ ಕೋರ್ಟು ಇದನ್ನ ಒಪ್ಪಿದೆ.

ಕಷ್ಟ ಆಗೋದು ಎಲ್ಲಿ ಗೊತ್ತಾ, ರಾತ್ರಿ ಎರಡು ಗಂಟೆಗೆ ಏದುಸಿರು ಶುರುವಾಗುತ್ತೆ, ಮನೆಯೋರು ಗಾಬರಿಯಾಗಿ 108ಕ್ಕೆ ಫೋನ್ ಮಾಡ್ತಾರೆ, ಕ್ಯಾಶುವಾಲಿಟಿ ಡಾಕ್ಟರ್‌ಗೆ ಏನೂ ಗೊತ್ತಿರಲ್ಲ ಟ್ಯೂಬ್ ಹಾಕ್ಬಿಡ್ತಾರೆ. ಆಮೇಲೆ ತೆಗೀಬೇಕು ಅಂದ್ರೆ ಎರಡು ಮೆಡಿಕಲ್ ಬೋರ್ಡ್, ಅಂದ್ರೆ ಡಾಕ್ಟರ್‌ಗಳ ಎರಡು ತಂಡ, ಒಪ್ಬೇಕು. ಅದಕ್ಕೆ ಆ ರಾತ್ರಿ ಏನ್ ಮಾಡ್ಬೇಕು ಅಂತ ಈಗ್ಲೇ ಮಾತಾಡ್ಕೊಳ್ಳಿ.

ನೋಟರಿಪಕ್ಕದ್ಮನೆ:
ನಮ್ ಅತ್ತೇದು ಮಾಡ್ಸಿದ್ವಿ. ಏನೇನು ಬೇಡ ಅಂತ ಬಿಡಿಸಿ ಬರೀಬೇಕು: ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ನಳಿಗೆ ಹೀಗೆ. ಇಬ್ರು ಸಾಕ್ಷಿ ಮುಂದೆ ಸೈನ್ ಮಾಡಿ ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಹತ್ರ ದೃಢೀಕರಿಸ್ಬೇಕು. ಮೊದ್ಲು ಮ್ಯಾಜಿಸ್ಟ್ರೇಟ್ ಸೈನೇ ಬೇಕಿತ್ತು, ಯಾರು ಅಲೀತಾರೆ, 2023ರಲ್ಲಿ ಅದನ್ನ ತೆಗೆದ್ರು. ತಮ್ ಪರವಾಗಿ ಮಾತಾಡೋಕೆ ಒಬ್ರಿಗಿಂತ ಹೆಚ್ಚು ಜನರ ಹೆಸ್ರು ಹಾಕ್ಬೇಕು. ಆಗೋದಾದ್ರೆ ಅಣ್ಣನ ಹೆಸರನ್ನೂ ಹಾಕಿಸಿ, ಹೊರಗಿಟ್ರೆ ಜಗಳ ಜಾಸ್ತಿ.

ನಮ್ ರಾಜ್ಯದಲ್ಲಿ ಆರೋಗ್ಯ ಇಲಾಖೆ 2025ರ ಜನವರಿ 30ಕ್ಕೆ ಆದೇಶ ಹೊರಡ್ಸಿದೆ, ಆಸ್ಪತ್ರೆಯ ಎರಡನೇ ಬೋರ್ಡಿಗೆ ಜಿಲ್ಲಾ ಆರೋಗ್ಯಾಧಿಕಾರಿ ಹೆಸರಿಸಿದ ಡಾಕ್ಟರ್ ಇರ್ಬೇಕು. ದಾವಣಗೆರೆ ನಿವೃತ್ತ ಟೀಚರ್ ಕರಿಬಸಮ್ಮನೋರು ಗೌರವದಿಂದ ಸಾಯೋ ಹಕ್ಕಿಗಾಗಿ ವರ್ಷಗಟ್ಲೆ ಹೋರಾಡಿದ್ರು, ಪಾಪ.

ಕೆಂಪುಮಣ್ಣು:
ನಿಮ್ ಅಣ್ಣನ್ನ ಸುಮ್ನೆ ಖಳನಾಯಕ ಮಾಡ್ಬೇಡಿ. ದುಡ್ಡಿಲ್ದೇ ವಯಸ್ಸಾದೋರ್ನ ಮನೆಗೆ ಕರ್ಕೊಂಡ್ ಬರೋದೂ ನೋಡಿದೀವಿ, ಅದನ್ನ ಅವ್ರ ಇಷ್ಟ ಅಂತ ಕರೆಯೋದೂ ನೋಡಿದೀವಿ. ವಿಡಿಯೋ ಕಾಲಲ್ಲಿ ಅಪ್ಪನೇ ಮಾತಾಡ್ಲಿ, ನೀವು ರೂಮಿಂದ ಆಚೆ ಇರಿ.

ನೈಟ್‌ಡ್ಯೂಟಿ:
ಕೆಂಪುಮಣ್ಣು ಹೇಳಿದ್ದು ಸರಿ. ಹೊನ್ನಾವರ ಕಡೆಯ ನರ್ಸ್ ಅರುಣಾ ಶಾನಭಾಗ್ ಮುಂಬೈನಲ್ಲಿ ಮೆದುಳಿಗೆ ಪೆಟ್ಟಾಗಿ 42 ವರ್ಷ ಹಾಸಿಗೇಲಿದ್ರು, ಅವ್ರಿಗೇನು ಬೇಕಿತ್ತು ಅಂತ ಕೇಳೋ ದಾರಿನೇ ಇರ್ಲಿಲ್ಲ, ಅವ್ರ ದಯಾಮರಣದ ಬಗ್ಗೆ ಬೇರೆಯೋರು ಕೋರ್ಟಲ್ಲಿ ವಾದ ಮಾಡಿದ್ರು. ನಿಮ್ಮಪ್ಪ ಬಾಯಿ ಬಿಟ್ಟು ಹೇಳ್ತಿದಾರಲ್ಲ!

ತುಂಗಾತೀರ:
ವಿಡಿಯೋ ಕಾಲ್ ಐಡಿಯಾ ಹೊಳೆದೇ ಇರ್ಲಿಲ್ಲ, ಭಾನುವಾರ ಮಾಡಿಸ್ತೀನಿ. ಇನ್ನೊಂದು, ಮನೇಲೇ ಇದ್ರೆ ಉಸಿರಾಟದ ಒದ್ದಾಟಕ್ಕೆ ಏನ್ ಮಾಡೋದು? ಅಮ್ಮಂಗೆ ಅದೇ ಭಯ.

ನೈಟ್‌ಡ್ಯೂಟಿ:
ಪ್ಯಾಲಿಯೇಟಿವ್ ಕೇರ್ ಡಾಕ್ಟರ್ನ, ಅಂದ್ರೆ ನೋವು ಒದ್ದಾಟ ಕಡಿಮೆ ಮಾಡೋ ಡಾಕ್ಟರ್ನ, ಈಗ್ಲೇ ಹಿಡ್ಕೊಳ್ಳಿ, ಕೊನೇ ವಾರಕ್ಕೆ ಕಾಯ್ಬೇಡಿ. ನೋವಿಗೂ ಏದುಸಿರಿಗೂ ಸಣ್ಣ ಡೋಸ್ ಮಾರ್ಫಿನ್ ಕೊಡ್ತಾರೆ, ಅದು ಎಲ್ಲಾ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಎಲ್ಲಿ ಸಿಗುತ್ತೆ ಅಂತ ಅವ್ರನ್ನೇ ಕೇಳಿ ಮೊದ್ಲೇ ತರಿಸಿಡಿ. ಮುಖಕ್ಕೆ ಫ್ಯಾನ್ ಗಾಳಿ ಬಿಟ್ರೂ ಎಷ್ಟೋ ಹಾಯೆನಿಸುತ್ತೆ. ಬೆಂಗಳೂರಿಗೆ ಬರೋ ಹಾಗಿದ್ರೆ ಕರುಣಾಶ್ರಯ ಅಂತ ಆರೈಕೆ ಕೇಂದ್ರ ಇದೆ, ಇಂಥಾ ಕ್ಯಾನ್ಸರ್ ಪೇಶೆಂಟ್‌ಗಳಿಗೇ ಇರೋದು, ದುಡ್ಡು ತಗೊಳಲ್ಲ. ಅಮ್ಮಂಗೆ ರಾತ್ರಿ ಫೋನ್ ಮಾಡೋಕೆ ಡಾಕ್ಟರ್ ನಂಬರ್ ಒಂದು ದೊಡ್ಡದಾಗಿ ಬರ್ದು ಗೋಡೆಗೆ ಅಂಟಿಸಿ, 108 ನಂಬರ್ ಅದರ ಕೆಳಗಿರ್ಲಿ.