ಹೆಪಟೈಟಿಸ್ ಸಿ ಮಾತ್ರೆಗೆ ವಿಮಾ ಕಂಪನಿ ಪೂರ್ವಾನುಮತಿ ನಿರಾಕರಿಸಿದೆ, ಮೇಲ್ಮನವಿಗೆ ಏನೇನು ಬೇಕು?

ಹೊಂಗೆನೆರಳು:

ಅಣ್ಣನಿಗೆ ಹೆಪಟೈಟಿಸ್ ಸಿ. ವಯಸ್ಸು 52, ಜಿನೋಟೈಪ್ (ವೈರಸ್‌ನ ಬಗೆ) 3, ಇದಕ್ಕೆ ಮುಂಚೆ ಯಾವ ಚಿಕಿತ್ಸೆಯೂ ಆಗಿಲ್ಲ. ಡಾಕ್ಟರು ಸೊಫೊಸ್ಬುವಿರ್–ವೆಲ್ಪಟಾಸ್ವಿರ್ 12 ವಾರಕ್ಕೆ ಬರೆದಿದ್ದಾರೆ. ವಿಮಾ ಕಂಪನಿಯ ಪತ್ರದಲ್ಲಿ ಇರುವುದು ಎರಡೇ ಸಾಲು: ‘ವೈದ್ಯಕೀಯ ಅಗತ್ಯ ಸಾಬೀತಾಗಿಲ್ಲ. ಸೂಚಿಸಿದ ಔಷಧ ನಮ್ಮ ಆದ್ಯತಾ ಪಟ್ಟಿಯಲ್ಲಿಲ್ಲ.’ ಪಟ್ಟಿಯಲ್ಲಿರುವುದು ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್ವಿರ್ ಅಂತೆ.

ಕೈಯಲ್ಲಿರುವ ರಿಪೋರ್ಟ್‌ಗಳು: ಆ್ಯಂಟಿಬಾಡಿ ಪಾಸಿಟಿವ್, ಒಂದು ವರ್ಷ ಹಳೆಯ ವೈರಲ್ ಲೋಡ್, ಲಿವರ್ ಕಿಣ್ವಗಳಾದ ಎಎಸ್‌ಟಿ 68, ಎಎಲ್‌ಟಿ 81, ಪ್ಲೇಟ್‌ಲೆಟ್ 1.70 ಲಕ್ಷ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿಲ್ಲ. ದಿನವೂ ಕೊಲೆಸ್ಟರಾಲಿಗೆ ಅಟೊರ್ವಾಸ್ಟಾಟಿನ್ ಮತ್ತು ಹೊಟ್ಟೆಯ ಆಮ್ಲಕ್ಕೆ ಒಮೆಪ್ರಜೋಲ್ 20 ಮಿ.ಗ್ರಾಂ ನಡೆಯುತ್ತಿದೆ. ಮೇಲ್ಮನವಿ ಹಾಕಬೇಕೋ, ಅವರ ಪಟ್ಟಿಯ ಔಷಧಿಗೇ ಒಪ್ಪಿಕೊಳ್ಳಬೇಕೋ?

ಕಡತಕಟ್ಟು:

ಆ ಎರಡು ಸಾಲುಗಳು ಎರಡು ಬೇರೆ ಬೇರೆ ತಕರಾರು, ಒಂದೇ ಉತ್ತರದಲ್ಲಿ ಕಲಸಬೇಡಿ. ನಾನು ಮೊದಲನೆಯದಕ್ಕೆ ಬರೆಯುತ್ತೇನೆ.

‘ಅಗತ್ಯ ಸಾಬೀತಾಗಿಲ್ಲ’ ಅಂದರೆ ಬಹುಪಾಲು ಸಲ ಕಡತದಲ್ಲಿ ಕಾಗದ ಕಡಿಮೆ ಎಂದೇ ಅರ್ಥ. ಆ್ಯಂಟಿಬಾಡಿ ಪಾಸಿಟಿವ್ ಬಂದ ಮಾತ್ರಕ್ಕೆ ಈಗ ಸೋಂಕಿದೆ ಎಂದಾಗುವುದಿಲ್ಲ. ವೈರಸ್ ಹೋದ ಮೇಲೂ ಆ್ಯಂಟಿಬಾಡಿ ರಕ್ತದಲ್ಲಿ ಉಳಿಯುತ್ತದೆ, ಸೋಂಕು ತಗುಲಿದವರಲ್ಲಿ 15ರಿಂದ 45 ಶೇಕಡ ಜನಕ್ಕೆ ಆರು ತಿಂಗಳೊಳಗೆ ಚಿಕಿತ್ಸೆಯಿಲ್ಲದೆಯೇ ವೈರಸ್ ಹೋಗುವುದೂ ಉಂಟು. ಹಾಗಾಗಿ ಕಡತ ನೋಡುವವರು ಮೊದಲು ಹುಡುಕುವುದು ಆರ್‌ಎನ್‌ಎ ರಿಪೋರ್ಟ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್. ಅದು ಇತ್ತೀಚಿನದಾಗಿರಬೇಕು, ‘ಪತ್ತೆಯಾಗಿದೆ’ ಎಂದಷ್ಟೇ ಇದ್ದರೆ ಸಾಲದು, ಐಯು ಪ್ರತಿ ಎಂಎಲ್ ಲೆಕ್ಕದಲ್ಲಿ ಅಂಕಿ ಇರಬೇಕು. ಹೊಸದಾಗಿ ಮಾಡಿಸಿ.

ಹಾಗಂತ ಹಳೆಯದನ್ನು ಬಿಸಾಡಬೇಡಿ. ಆರು ತಿಂಗಳಿಗಿಂತ ಹೆಚ್ಚು ಅಂತರದ ಎರಡು ಪಾಸಿಟಿವ್ ಆರ್‌ಎನ್‌ಎ ರಿಪೋರ್ಟ್ ಇದ್ದರೆ ಸೋಂಕು ದೀರ್ಘಕಾಲದ್ದು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಎರಡನ್ನೂ ಜೋಡಿಸಿ. ಅರ್ಜಿಯಲ್ಲಿ ರೋಗದ ಕೋಡ್ ಏನು ಹಾಕಿದ್ದಾರೆ ಎಂದೂ ನೋಡಿ. ದೀರ್ಘಕಾಲದ ಹೆಪಟೈಟಿಸ್ ಸಿಗೆ ಬಿ18.2. ಯಾರೋ ಬಿ17.1 ಟೈಪ್ ಮಾಡಿದ್ದರೆ ಅದು ಹೊಸ ಸೋಂಕಿನ ಕೋಡ್, ‘ತಾನಾಗಿಯೇ ಹೋಗಬಹುದು’ ಎಂದು ವಾಪಸ್ ಕಳಿಸಲು ಅಷ್ಟು ಸಾಕು.

ಇನ್ನು ಲಿವರ್ ಸ್ಥಿತಿ. ನೀವು ಕೊಟ್ಟ ಅಂಕಿಗಳಿಂದಲೇ ಫಿಬ್-4, ಅಂದರೆ ಲಿವರ್ ಎಷ್ಟು ಗಾಯಗಟ್ಟಿದೆ ಎಂಬ ಅಂದಾಜು ಅಂಕ, ತೆಗೆಯಬಹುದು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ: 52 × 68 = 3536. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕಕ್ಕೆ ತಂದು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ: 170 × 9 = 1530. ಭಾಗಿಸಿದರೆ 2.31. 1.45ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಫೈಬ್ರೋಸಿಸ್ (ಲಿವರ್ ಗಾಯಗಟ್ಟುವಿಕೆ) ಇರುವ ಸಂಭವ ಕಡಿಮೆ, 3.25 ದಾಟಿದರೆ ಇದೆ ಎಂದೇ ಅನುಮಾನ. ನಿಮ್ಮ ಅಣ್ಣನದು ನಡುವೆ ಸಿಕ್ಕಿಕೊಂಡಿದೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆದ್ದರಿಂದ ಫೈಬ್ರೋಸ್ಕ್ಯಾನ್ ಬೇಕೇ ಬೇಕು. ಗಟ್ಟಿತನದ ಅಳತೆ ಸುಮಾರು 12.5 ಕೆಪಿಎ ಮೇಲೆ ಬಂದರೆ ಸಿರೋಸಿಸ್ (ಫೈಬ್ರೋಸಿಸ್‌ನ ಕೊನೆಯ ಹಂತ) ಕಡೆಗೆ ಲೆಕ್ಕ. ಹಾಗೆ ಬಂದರೆ ಜಿನೋಟೈಪ್ 3ಕ್ಕೆ ವೆಲ್ಪಟಾಸ್ವಿರ್ ಕೊಡುವ ಮುಂಚೆ ವೈರಸ್‌ನಲ್ಲಿ ಔಷಧಿಗೆ ಬಗ್ಗದ ವೈ93ಎಚ್ ಎಂಬ ಬದಲಾವಣೆ ಇದೆಯೇ ಎಂದು ನೋಡುವ ಪ್ರತಿರೋಧ ಪರೀಕ್ಷೆಯನ್ನೂ ಕೇಳಬಹುದು. ಸ್ಕ್ಯಾನ್ ಖಾಲಿ ಹೊಟ್ಟೆಯಲ್ಲಿ ಆಗಬೇಕು, ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಊಟ ಮಾಡಿ ಹೋದರೆ ಅಂಕಿ ಸುಳ್ಳೇ ಏರುತ್ತದೆ.

ಇದರ ಜೊತೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಪರೀಕ್ಷೆ), ಬಿಲಿರುಬಿನ್, ಆಲ್ಬುಮಿನ್, ಕ್ರಿಯಾಟಿನಿನ್, ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ರಿಪೋರ್ಟ್ ಇರಲಿ. ಬಿ ಪರೀಕ್ಷೆ ಬರೀ ಶಾಸ್ತ್ರಕ್ಕೆ ಕೇಳುವುದಲ್ಲ: ಸಿ ವೈರಸ್ ಹೋಗುತ್ತಿದ್ದಂತೆ ಅಡಗಿದ್ದ ಬಿ ಕೆರಳಿ ಲಿವರ್ ಕೆಟ್ಟ ಪ್ರಕರಣಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ಔಷಧಿಗಳ ಮೇಲೆಲ್ಲ ಆ ಎಚ್ಚರಿಕೆ ಹಾಕಿಸಿತು.

ಮಾತ್ರೆಡಬ್ಬಿ:

ಎರಡನೇ ಸಾಲಿನ ಬಗ್ಗೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸಿರೋಸಿಸ್ ಬಿಗಡಾಯಿಸಿಲ್ಲ ಎಂದಾದರೆ ಬ್ರ್ಯಾಂಡಿಗಾಗಿ ಜಗಳ ಬೇಡ. ಮೊದಲ ಸಲ ಚಿಕಿತ್ಸೆ ಪಡೆಯುವವರಲ್ಲಿ ಎರಡೂ ಹೆಚ್ಚುಕಡಿಮೆ 95 ಶೇಕಡ ಅಥವಾ ಮೇಲೆ ಗುಣ ಕೊಡುತ್ತವೆ. ವೆಲ್ಪಟಾಸ್ವಿರ್ ಜೋಡಿ ದಿನಕ್ಕೆ ಒಂದು, 12 ವಾರಕ್ಕೆ 84 ಮಾತ್ರೆ. ಗ್ಲೆಕಾಪ್ರೆವಿರ್ ಜೋಡಿ ದಿನಕ್ಕೆ ಮೂರನ್ನು ಒಟ್ಟಿಗೇ ಊಟದ ಜೊತೆ, 8 ವಾರಕ್ಕೆ 168 ಮಾತ್ರೆ. ನಾಲ್ಕು ವಾರ ಬೇಗ ಮುಗಿಯುತ್ತದೆ, ನಷ್ಟವೇನಿಲ್ಲ.

ತೊಡಕು ಇರುವುದು ಈಗ ನಡೆಯುತ್ತಿರುವ ಮಾತ್ರೆಗಳಲ್ಲಿ. ಗ್ಲೆಕಾಪ್ರೆವಿರ್ ಜೊತೆ ಅಟೊರ್ವಾಸ್ಟಾಟಿನ್ ಕೂಡದು, ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಿ ಸ್ನಾಯುಗಳಿಗೆ ಹಾನಿ. ಆದರೆ ಇದನ್ನೇ ಮೇಲ್ಮನವಿಗೆ ಕಾರಣ ಮಾಡಿಕೊಂಡರೆ ನಿಲ್ಲುವುದಿಲ್ಲ. ‘ಎಂಟು ವಾರ ಸ್ಟಾಟಿನ್ ಬದಲಿಸಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ, ಅದು ಸರಿಯೂ ಹೌದು. ಇತ್ತ ವೆಲ್ಪಟಾಸ್ವಿರ್‌ಗೆ ಒಮೆಪ್ರಜೋಲ್ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ಔಷಧಿ ಕರಗುವುದಿಲ್ಲ. ಒಮೆಪ್ರಜೋಲ್ ಬಿಡಲಾಗದಿದ್ದರೆ ವೆಲ್ಪಟಾಸ್ವಿರನ್ನು ಊಟದ ಜೊತೆ, ಒಮೆಪ್ರಜೋಲಿಗಿಂತ 4 ಗಂಟೆ ಮೊದಲು ಕೊಡಬೇಕು, ಒಮೆಪ್ರಜೋಲ್ 20 ಮಿ.ಗ್ರಾಂ ಮೀರಬಾರದು.

ಪಟ್ಟಿಯ ಔಷಧಿ ಖಂಡಿತ ಬೇಡ ಎನ್ನಲು ನಿಜವಾಗಿ ಗಟ್ಟಿ ಕಾರಣವೆಂದರೆ ಚೈಲ್ಡ್–ಪ್ಯೂ ಅಂಕದಲ್ಲಿ ಬಿ ಅಥವಾ ಸಿ ದರ್ಜೆ, ಅಂದರೆ ಲಿವರ್ ಕೈಕೊಟ್ಟು ಹೊಟ್ಟೆಯಲ್ಲಿ ನೀರು ತುಂಬಿದ್ದು, ಕಾಮಾಲೆ, ಮಂಕು ಕವಿದದ್ದು. ಆಗ ಗ್ಲೆಕಾಪ್ರೆವಿರ್‌ನಂಥ ಪ್ರೋಟಿಯೇಸ್ ತಡೆಯುವ ಔಷಧಿ ಕೊಡುವಂತಿಲ್ಲ. ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಿಗೆ ಇವೆರಡೂ ಜೋಡಿ ಆಗುವುದಿಲ್ಲ, ಮೊದಲು ಆ ಮಾತ್ರೆಗೇ ಬದಲಿ ಹುಡುಕಬೇಕು.

ಮೂರನೇಮಹಡಿ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮೊದಲು ಪಾಲಿಸಿ ಪುಸ್ತಕ ತೆರೆದು ನೋಡಿ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಖರ್ಚು ಕೊಡುವ ಪಾಲಿಸಿ ಆಗಿದ್ದರೆ, ಮನೆಯಲ್ಲಿ ನುಂಗುವ ಮಾತ್ರೆಗೆ ಎಷ್ಟು ರಿಪೋರ್ಟ್ ಇಟ್ಟರೂ ಹಣ ಹುಟ್ಟುವುದಿಲ್ಲ. ಹಳೆಯ ಕಾಯಿಲೆಗೆ ಕಾಯುವ ಅವಧಿ ಇದ್ದರೂ ಅಷ್ಟೇ. ನಿಮ್ಮ ಪತ್ರದಲ್ಲಿ ಆ ಮಾತಿಲ್ಲ, ಅಂದರೆ ಬಾಗಿಲು ತೆರೆದೇ ಇದೆ.

ಆಮೇಲೆ, ನಿರಾಕರಣೆಗೆ ಆಧಾರವಾದ ಮಾನದಂಡದ ಪ್ರತಿಯನ್ನು ಬರಹದಲ್ಲಿ ಕೇಳಿ. ಇದನ್ನೇ ಹೆಚ್ಚಿನವರು ಬಿಡುತ್ತಾರೆ. 2013ರ ಕೊನೆಯಲ್ಲಿ ಸೊಫೊಸ್ಬುವಿರ್ ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ ಸಾವಿರ ಡಾಲರ್ ಬೆಲೆಗೆ ಬಂದಾಗ ಅಲ್ಲಿನ ವಿಮೆಯವರು ಮೂರು ಬೇಲಿ ಕಟ್ಟಿದರು: ಫೈಬ್ರೋಸಿಸ್ ಎಫ್3 ಹಂತ (ಸಿರೋಸಿಸ್‌ಗೆ ಒಂದು ಮೆಟ್ಟಿಲು ಕೆಳಗೆ) ಮುಟ್ಟಿರಬೇಕು, ಇಂತಿಷ್ಟು ತಿಂಗಳು ಕುಡಿತ ಬಿಟ್ಟಿರಬೇಕು, ತಜ್ಞರೇ ಚೀಟಿ ಬರೆದಿರಬೇಕು. ಅಂಥ ಷರತ್ತು ನಿಮ್ಮ ಪ್ರತಿಯಲ್ಲೂ ಕಂಡರೆ ವಾದ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ದೀರ್ಘಕಾಲದ ಸೋಂಕಿರುವ ವಯಸ್ಕರೆಲ್ಲರಿಗೂ, ಲಿವರ್ ಹಂತ ಯಾವುದೇ ಇರಲಿ, ಚಿಕಿತ್ಸೆ ಕೊಡಿ ಎನ್ನುತ್ತದೆ. ಡಾಕ್ಟರ ಪತ್ರದಲ್ಲಿ ಆ ಸಾಲು ಬರಲಿ.

ಪತ್ರ ಒಂದೂವರೆ ಪುಟ ಮೀರಬಾರದು. ಅವರ ಮಾನದಂಡ ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ಉತ್ತರ, ಪ್ರತಿ ಉತ್ತರದ ಮುಂದೆ ಯಾವ ಪುಟದ ರಿಪೋರ್ಟ್ ಎಂಬ ನಮೂದು. ‘ದಯವಿಟ್ಟು ಪರಿಶೀಲಿಸಿ’ ಎಂದು ನಾಲ್ಕು ಸಲ ಬೇಡಿಕೊಂಡ ಪತ್ರಕ್ಕಿಂತ ‘ಮಾನದಂಡ 3: ಪುಟ 7 ನೋಡಿ’ ಎಂದ ಪತ್ರ ಬೇಗ ಪಾಸಾಗುತ್ತದೆ. ಪ್ರತಿ ಹಾಳೆಯ ಮೇಲೂ ಪಾಲಿಸಿ ಸಂಖ್ಯೆ ಇರಲಿ. ಸ್ಕ್ಯಾನ್ ಮಾಡುವಾಗ ಹಾಳೆ ಬೇರೆಯಾದರೆ ಯಾರದೆಂದು ಗೊತ್ತಾಗದೆ ಪಕ್ಕಕ್ಕೆ ಹೋಗುತ್ತದೆ.

ಪತ್ರದ ಜೊತೆಗೆ ಡಾಕ್ಟರಿಗೆ ಕಂಪನಿಯ ವೈದ್ಯರ ಹತ್ತಿರ ಫೋನಿನಲ್ಲಿ ನೇರ ಮಾತಾಡಲು ಹೇಳಿ. ಮೇಲ್ಮನವಿಯ ಕೊನೆ ದಿನಾಂಕ ನಿರಾಕರಣೆ ಪತ್ರದಲ್ಲೇ ಇರುತ್ತದೆ, ಸ್ವೀಕೃತಿ ಸಂಖ್ಯೆ ಇಲ್ಲದೆ ಏನನ್ನೂ ಕಳಿಸಬೇಡಿ. ಒಳಗಿನ ಮೇಲ್ಮನವಿಯೂ ಬಿದ್ದರೆ ಕಂಪನಿಯ ಹೊರಗಿನ ಪರಿಶೀಲನೆಗೆ ಅಥವಾ ವಿಮಾ ಲೋಕಪಾಲರಿಗೆ ಹೋಗಬಹುದು.

ಹೊಂಗೆನೆರಳು:

ಎಲ್ಲರಿಗೂ ಧನ್ಯವಾದ. ಕೋಡ್ ನೋಡಿದೆ, ಬಿ17.1 ಎಂದೇ ಇದೆ! ತಿದ್ದಿಸಿ, ಪಟ್ಟಿಯ ಔಷಧಿಗೇ ಹೊಸ ಚೀಟಿ ಬರೆಸಿ ಹಾಕುತ್ತೇವೆ. ಒಪ್ಪಿಗೆ ಬಂದ ಮೇಲೆ ಏನಾದರೂ ನೋಡಿಕೊಳ್ಳಬೇಕೇ?

ಮಾತ್ರೆಡಬ್ಬಿ:

ಮೂರು ಸಂಗತಿ. ಔಷಧಿ ಬದಲಾಯಿಸಿದ್ದರಿಂದ ಇದು ಮೇಲ್ಮನವಿಯಲ್ಲ, ಹೊಸ ಪೂರ್ವಾನುಮತಿ ಅರ್ಜಿ. ಹಳೆಯ ನಿರಾಕರಣೆಯ ಸಂಖ್ಯೆಗೆ ಸೇರಿಸಿ ಹಾಕಿದರೆ ಎರಡೂ ಕಡೆ ಸಿಕ್ಕಿಕೊಳ್ಳುತ್ತದೆ.

ಒಪ್ಪಿಗೆ ಪತ್ರದಲ್ಲಿ ಎಷ್ಟು ವಾರಕ್ಕೆ, ಯಾವ ದಿನಾಂಕದವರೆಗೆ ಎಂದು ಓದಿ. ಸಾಮಾನ್ಯವಾಗಿ 28 ದಿನದ ಕಂತುಗಳಲ್ಲಿ ಕೊಡುತ್ತಾರೆ. ಪೂರ್ತಿ 56 ದಿನಕ್ಕೆ ಒಪ್ಪಿಗೆ ಇರದಿದ್ದರೆ ಮೊದಲ ಮಾತ್ರೆ ನುಂಗಿಸಬೇಡಿ, ನಡುವೆ ಔಷಧಿ ನಿಂತರೆ ವೈರಸ್ ಮತ್ತೆ ತಲೆ ಎತ್ತಬಹುದು. ಎರಡನೇ ಕಂತಿಗೆ ಹಿಂದಿನದು ಮುಗಿಯಲು ಏಳೆಂಟು ದಿನ ಇರುವಾಗಲೇ ಹೇಳಿಡಿ.

ಚಿಕಿತ್ಸೆ ಮುಗಿದು 12 ವಾರಕ್ಕೆ ಮತ್ತೊಂದು ಆರ್‌ಎನ್‌ಎ ಪರೀಕ್ಷೆ ಆಗಬೇಕು, ಗುಣವಾಯಿತು ಎನ್ನುವುದು ಅದರಲ್ಲಿ ವೈರಸ್ ಕಾಣದಿದ್ದರೆ ಮಾತ್ರ. ಆ ಪರೀಕ್ಷೆಯ ಖರ್ಚು ಒಪ್ಪಿಗೆಯಲ್ಲಿ ಸೇರಿದೆಯೇ ಎಂದು ಈಗಲೇ ಕೇಳಿಕೊಳ್ಳಿ.