ಸಹಾಯ ಬೇಕು: ದರ್ಶಿನಿ ಕೌಂಟರ್‌ಗೆ ಟಚ್‌ಸ್ಕ್ರೀನ್ ಬಿಲ್ಲಿಂಗ್ ಕಂಪ್ಯೂಟರ್

ಗೆಳೆಯರೇ, ನಮ್ಮ ಚಿಕ್ಕ ದರ್ಶಿನಿಗೆ ಟಚ್‌ಸ್ಕ್ರೀನ್ ಬಿಲ್ಲಿಂಗ್ ಸಿಸ್ಟಮ್ ಜೋಡಿಸಬೇಕು. ರೆಡಿಮೇಡ್ ಮಷಿನ್ ಬೇಡ. ಬಿಡಿಬಿಡಿಯಾಗಿ ತಗೊಂಡರೆ ಕೆಟ್ಟಿದ್ದನ್ನು ಮಾತ್ರ ಬದಲಿಸಬಹುದು, ಅಲ್ವಾ?

ದೊಡ್ಡ ತಲೆನೋವು ಪರದೆಯದು. ಕ್ಯಾಶ್‌ನಲ್ಲಿ ಕೂರುವವರೇ ನಡುನಡುವೆ ಕಾಫಿ ಲೋಟ ಎತ್ತಿ ಕೊಡುತ್ತಾರೆ, ಕೈ ಸದಾ ಒದ್ದೆ. ಕೆಪ್ಯಾಸಿಟಿವ್ ಪರದೆ (ಮೊಬೈಲ್‌ನಲ್ಲಿ ಇರುವಂಥದ್ದು, ಮುಟ್ಟಿದರೆ ಸಾಕು) ನೀರಿನ ಹನಿಯನ್ನೂ ಬೆರಳು ಅಂದುಕೊಳ್ಳುತ್ತದೆ. ಇಡ್ಲಿ ಒತ್ತಿದರೆ ಜೊತೆಗೆ ಮಸಾಲೆ ದೋಸೆಯೂ ಬಿಲ್ಲಿಗೆ ಸೇರಬಹುದು! ರೆಸಿಸ್ಟಿವ್ ಆದರೆ ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ. ಆದರೆ ಮೇಲ್ಪದರ ಪ್ಲಾಸ್ಟಿಕ್, ಬೇಗ ಗೀರು ಬೀಳುತ್ತದೆ, ಸ್ವಲ್ಪ ಮಂಕೂ ಹೌದು. 15 ಇಂಚು ಸಾಕು. ಹೋಟೆಲ್ ನಡೆಸುವವರು ಯಾವುದು ಇಟ್ಟಿದ್ದೀರಿ?

ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಅಂದುಕೊಂಡಿದ್ದೇನೆ. ರಾಸ್ಪ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್) ಬೇಡ, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಓಡೋದು ವಿಂಡೋಸ್‌ನಲ್ಲಿ ಮಾತ್ರ. ದೋಸೆ ಕಾವಲಿ ಪಕ್ಕದಲ್ಲೇ ಇದೆ, ಫ್ಯಾನ್ ಇದ್ದರೆ ಎಣ್ಣೆಜಿಡ್ಡು ಒಳಗೆ ಎಳೆದುಕೊಳ್ಳುತ್ತದೆ. ಫ್ಯಾನ್ ಇಲ್ಲದ ಮಾದರಿ ಅಷ್ಟು ಬಿಸಿ ತಡೆಯುತ್ತದಾ?

ಪರದೆಗೆ ಎಚ್‌ಡಿಎಂಐ ಜೊತೆ ಟಚ್‌ಗೆ ಬೇರೆ ಯುಎಸ್‌ಬಿ ಕೇಬಲ್ ಬೇಕು, ಅದು ಗೊತ್ತು. ಬಿಲ್ ಮುದ್ರಿಸಲು 80 ಎಂಎಂ ಥರ್ಮಲ್ ಪ್ರಿಂಟರ್ ಈಗಾಗಲೇ ಇದೆ. ಕರೆಂಟ್ ಹೋದಾಗ ಇದೆಲ್ಲಕ್ಕೂ 600 ವಿಎ ಯುಪಿಎಸ್ ಸಾಕಾ, ಜಾಸ್ತಿ ಬೇಕಾ?