ಪಾರ್ಕಿನ್ಸನ್ಸ್ ಇರುವ ಹಿರಿಯರಿಗೆ ಬಯೋಫೀಡ್‌ಬ್ಯಾಕ್ ತರಬೇತಿ ಮನೆಯ ಓಡಾಟಕ್ಕೂ ನೆರವಾಗುತ್ತದೆಯೇ?

ಪ್ರಶ್ನೆ

ನಮ್ಮ ತಂದೆಯವರಿಗೆ 72 ವರ್ಷ, ಪಾರ್ಕಿನ್ಸನ್ಸ್ (ಚಲನೆಗೆ ತೊಡಕಾಗುವ ಮೆದುಳಿನ ಕಾಯಿಲೆ) ಇದೆ. ಲೆವೊಡೋಪಾ ಮಾತ್ರೆಯಿಂದ ಕೈನಡುಕ ಹತೋಟಿಯಲ್ಲಿದೆ. ಆದರೆ ಅಡುಗೆಮನೆಯ ಬಾಗಿಲ ಬಳಿ ತಿರುಗುವಾಗ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗಿ ಹಿಂದಕ್ಕೆ ವಾಲುತ್ತಾರೆ. ಫಿಸಿಯೋಥೆರಪಿ ಕೇಂದ್ರದಲ್ಲಿ ಅವರನ್ನು ಹಲಗೆಯಂಥ ಯಂತ್ರದ ಮೇಲೆ ನಿಲ್ಲಿಸಿ, ಮೈಭಾರ ಎತ್ತ ಸರಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತಾರೆ. ಇದನ್ನೇ ಬಯೋಫೀಡ್‌ಬ್ಯಾಕ್ ತರಬೇತಿ ಎನ್ನುತ್ತಾರೆ. ಅಲ್ಲಿ ಚುಕ್ಕೆಯನ್ನು ವೃತ್ತದೊಳಗೆ ಚೆನ್ನಾಗಿಯೇ ಹಿಡಿದಿಡುತ್ತಾರೆ. ಮನೆಗೆ ಬಂದರೆ ಮತ್ತೆ ಅದೇ ಕಷ್ಟ. ಮುಂದುವರಿಸುವುದು ಸರಿಯೇ?

ಉತ್ತರ 1

ನಾನು ಫಿಸಿಯೋಥೆರಪಿಸ್ಟ್. ಮುಂದುವರಿಸಿ, ಆದರೆ ಕಲಿಸುವ ಕ್ರಮ ಬದಲಾಗಬೇಕು. ಡೋಪಮಿನ್ ಎಂಬ ಮೆದುಳಿನ ರಾಸಾಯನಿಕದ ಕೊರತೆಯಿಂದ, ಚಲನೆಯನ್ನು ಹತೋಟಿಯಲ್ಲಿಡುವ ಮೆದುಳಿನ ಆಳದ ಭಾಗವಾದ ಬೇಸಲ್ ಗ್ಯಾಂಗ್ಲಿಯಾ ಸೊರಗಿದಾಗ, ತಾವಾಗಿಯೇ ನಡೆಯಬೇಕಾದ ಚಲನೆಗಳು ಕೈಕೊಡುತ್ತವೆ. ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಕೇಳುವ ತಾಳ ಮುಂತಾದ ಹೊರಗಿನ ಸೂಚನೆ ಸಿಕ್ಕರೆ ಅದೇ ಚಲನೆ ಎಷ್ಟೋ ಸುಗಮವಾಗುತ್ತದೆ. ಪರದೆಯ ಮುಂದೆ ತಂದೆಯವರು ಸ್ಥಿರವಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣವಿರಬಹುದು. ಸೂಚನೆ ಸದಾ ಎದುರಿಗೇ ಇದ್ದರೆ ದೇಹ ಅದನ್ನೇ ನೆಚ್ಚಿಕೊಳ್ಳುತ್ತದೆ. ಆದ್ದರಿಂದ ಪರದೆಯನ್ನು ಆಗಾಗ ಆರಿಸಿ, ತಾವು ಎತ್ತ ವಾಲಿದ್ದೇವೆಂದು ಅವರೇ ಮೊದಲು ಹೇಳಿ, ಆಮೇಲೆ ಚುಕ್ಕೆಯೊಂದಿಗೆ ತಾಳೆ ನೋಡುವಂತೆ ಮಾಡಿಸಲು ಕೇಳಿ. ನಿಂತಲ್ಲೇ ನಿಲ್ಲುವ ಅಭ್ಯಾಸ ಸಾಲದು. ಹೆಜ್ಜೆ ಎತ್ತಿಡುವುದು, ಅಗಲವಾಗಿ ಸುತ್ತಿ ತಿರುಗುವುದು, ಮಾತನಾಡುತ್ತಾ ನಡೆಯುವುದು ಸಹ ಸೇರಬೇಕು.

ದುಬಾರಿ ಯಂತ್ರ ಕೊಳ್ಳುವ ಯೋಚನೆಯಿದ್ದರೆ ಬೇಡ. 2012ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನದಲ್ಲಿ ಮೈ ಅಲುಗಿಸಿ ಆಡುವ ನಿಂಟೆಂಡೊ ವೀ ಎಂಬ ವಿಡಿಯೋ ಆಟಗಳ ಮೂಲಕ ಕಲಿತ ಪಾರ್ಕಿನ್ಸನ್ಸ್ ರೋಗಿಗಳೂ ಸಾಮಾನ್ಯ ಸಮತೋಲನ ವ್ಯಾಯಾಮ ಮಾಡಿದವರೂ ಸುಧಾರಿಸಿದರು, ಒಂದು ಗುಂಪು ಇನ್ನೊಂದನ್ನು ಮೀರಿಸಲಿಲ್ಲ.

ಉತ್ತರ 2

ನಮ್ಮ ಯಜಮಾನರಿಗೂ ಇದೇ ತೊಂದರೆಯಿತ್ತು. ಬಾಗಿಲ ಮುಂದೆ ನೆಲಕ್ಕೆ ಅಡ್ಡಡ್ಡವಾಗಿ, ಒಂದೊಂದು ಹೆಜ್ಜೆಯ ಅಂತರದಲ್ಲಿ ಬಣ್ಣದ ಟೇಪ್ ಅಂಟಿಸಿದೆವು. ಗೆರೆ ದಾಟುವುದರ ಕಡೆಗೆ ಗಮನ ಹೋದಾಗ ಕಾಲು ಸಲೀಸಾಗಿ ಏಳುತ್ತದೆ. ಕಾಲು ಕಚ್ಚಿಕೊಂಡಾಗ ಕೈಹಿಡಿದು ಎಳೆಯಬೇಡಿ. ನಿಂತು, ಮೈಭಾರವನ್ನು ಎಡಕ್ಕೂ ಬಲಕ್ಕೂ ಬದಲಿಸಿ, ಆಮೇಲೆ ಹೆಜ್ಜೆ ಇಡಲು ಹೇಳಿ. ಅಭ್ಯಾಸವನ್ನು ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟೇಪ್ ಇಂದೇ ಅಂಟಿಸುತ್ತೇನೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ತಲೆ ಸುತ್ತುತ್ತದೆ ಎನ್ನುತ್ತಾರೆ. ಅದಕ್ಕೂ ಈ ತರಬೇತಿಯೇ ಸಾಕೇ?

ಉತ್ತರ 1 ಬರೆದವರು

ಸಾಲದು. ಈ ಕಾಯಿಲೆಯಲ್ಲೂ ಇದರ ಔಷಧಿಗಳಿಂದಲೂ ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವುದುಂಟು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಮುಂದಿನ ತರಬೇತಿಗೆ ಮೊದಲೇ ನರರೋಗ ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.